ಬಿಸಿಲುಂಡ ಬೈಕಿಗೆ ಬೇಕಾದುದು ಜೀರ್ಣೋದ್ಧಾರ

ಹಳೆಯ ಬೈಕನ್ನು ಕೊಳ್ಳಹೊರಟವನು ಎಂಜಿನ್ನಿನ ಸದ್ದನ್ನು ಆಲಿಸುವುದಕ್ಕೂ ಚೈನಿನ ಸಡಿಲವನ್ನು ಪರೀಕ್ಷಿಸುವುದಕ್ಕೂ ಮೊದಲೇ ಅದರ ಮೈಬಣ್ಣಕ್ಕೆ ಮರುಳಾಗುವನೆಂಬುದನ್ನು ಸೆಕೆಂಡ್ ಹ್ಯಾಂಡ್ ವಾಹನಗಳ ವ್ಯಾಪಾರಿಗಳು ಚೆನ್ನಾಗಿ ಬಲ್ಲರು. ಆದುದರಿಂದಲೇ, ವರ್ಷಗಟ್ಟಲೆ ಬಿಸಿಲುಂಡು ಬೂದಿಬಣ್ಣಕ್ಕೆ ತಿರುಗಿದ ಹಿಂಬದಿಯ ಮಡ್‌ಗಾರ್ಡು, ಸೀಟಿನ ಕೆಳಗಿನ ಕಪ್ಪು ಪ್ಯಾನೆಲ್ಲು, ಕನ್ನಡಿಯ ಬೆನ್ನು ಮುಂತಾದುವಕ್ಕೆ ಮಾರಾಟದ ದಿನ ಬೆಳಗ್ಗೆ ಸಿಲಿಕೋನ್ ಪಾಲಿಶನ್ನೋ, ಅದೂ ಇಲ್ಲದಿದ್ದರೆ ಡೀಸೆಲ್ಲನ್ನೋ ಸವರಿ ಮಿರಮಿರನೆ ಮಿಂಚಿಸುವ ಪದ್ಧತಿ ಬೆಳೆದುಬಂದಿದೆ. ನಾಲ್ಕು ಮಳೆ ಬೀಳುವಷ್ಟರಲ್ಲಿ ಆ ಮಿಂಚು ಇಳಿದುಹೋಗುತ್ತದೆ. ನಿರಾಶನಾದ ಮಾಲೀಕನು ಗಟ್ಟಿಯಾಗಿಯೇ ಇರುವ ಭಾಗವನ್ನು ಕಿತ್ತು ಗುಜರಿಗೆ ಹಾಕಿ ಹೊಸದನ್ನು ತರುತ್ತಾನೆ. ಮೊದಲನೆಯದು ವಂಚನೆ, ಎರಡನೆಯದು ದುರ್ವ್ಯಯ. ಇವೆರಡನ್ನೂ ಬಿಟ್ಟು, ವಸ್ತುವಿನ ಸ್ವಭಾವವನ್ನರಿತು ಅದನ್ನು ಉದ್ಧರಿಸುವ ಮಾರ್ಗವೊಂದಿದೆ; ನಮ್ಮ ಮೆಕ್ಯಾನಿಕ್ಕುಗಳೂ ಮಾಲೀಕರೂ ಅದನ್ನೇ ಹಿಡಿಯತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಮೊದಲ್ಗೊಂಡು 1996ರವರೆಗೆ ಹೊರಬಂದ ಜಾವಾ, ಯೆಜ್ಡಿ ಬೈಕುಗಳ ಮಡ್‌ಗಾರ್ಡು ಉಕ್ಕಿನ ತಗಡಿನದು. ಅದರ ಶತ್ರು ನೀರು, ಅದರ ರೋಗ ತುಕ್ಕು. ಇಂದಿನ ಬೈಕುಗಳಲ್ಲಿ ತಗಡಿನ ಸ್ಥಾನವನ್ನು ಬಹುಮಟ್ಟಿಗೆ ಪಾಲಿಪ್ರೊಪಿಲೀನ್, ಎಬಿಎಸ್ ಎಂಬ ಪ್ಲಾಸ್ಟಿಕ್ಕುಗಳು ಪಡೆದುಕೊಂಡಿರುವುದರಿಂದ ತುಕ್ಕಿನ ಭಯ ತಪ್ಪಿ ಬಿಸಿಲಿನ ಭಯ ಹುಟ್ಟಿದೆ. ವಾಯುಮಂಡಲದ ಓಜೋನ್ ಪದರವನ್ನು ದಾಟಿ ನೆಲವನ್ನು ಮುಟ್ಟುವ, ಸುಮಾರು 290ರಿಂದ 400 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕಿನ ದೀರ್ಘವಾದ ಅಣುಸರಪಣಿಗಳನ್ನು ಅಲ್ಲಲ್ಲಿ ಕಡಿಯುತ್ತವೆ. ಕಡಿದ ತುದಿಗಳೊಡನೆ ಗಾಳಿಯ ಆಮ್ಲಜನಕ ಸೇರಿ ಮತ್ತಷ್ಟು ಕಡಿತವನ್ನುಂಟುಮಾಡುತ್ತದೆ. ಕಾಲಕ್ರಮದಲ್ಲಿ ಮೇಲ್ಪದರವು ಕಣ್ಣಿಗೆ ಕಾಣದ ಅಸಂಖ್ಯ ಬಿರುಕುಗಳಿಂದ ತುಂಬಿ, ಬಿದ್ದ ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸತೊಡಗುತ್ತದೆ. ಕಪ್ಪಾಗಿದ್ದುದು ಬಿಳಿಚಿಕೊಂಡಂತೆ ತೋರುವುದಕ್ಕೆ ಮುಖ್ಯ ಕಾರಣವಿದು. ತಯಾರಕರು ಈ ಅಪಾಯವನ್ನು ಅರಿಯದವರಲ್ಲ: ಕಿರಣಗಳನ್ನು ಹೀರಿಕೊಳ್ಳುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯನ್ನೂ, ಕಡಿತವನ್ನು ತಡೆಯುವ ರಾಸಾಯನಿಕಗಳನ್ನೂ ಅಚ್ಚಿಗೆ ಹಾಕುವ ಮೊದಲೇ ಬೆರೆಸುತ್ತಾರೆ. ಆದರೆ ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ದಿನವಿಡೀ ಬಯಲಿನಲ್ಲಿ ನಿಂತ ವಾಹನಕ್ಕೆ ಆ ರಕ್ಷಣೆಯೂ ಶಾಶ್ವತವಲ್ಲ.

ಆದುದರಿಂದ ಉದ್ಧಾರಕಾರ್ಯದ ಪ್ರಥಮ ಕರ್ತವ್ಯವು ವಸ್ತುವಿನ ಗುರುತನ್ನು ಹಿಡಿಯುವುದು. ಸ್ಕ್ರೂಗಳನ್ನು ಬಿಚ್ಚಿ ಭಾಗವನ್ನು ಮಗುಚಿ ನೋಡಿದರೆ, ಒಳಮೈಯಲ್ಲಿ ಬಿಸಿಲು ಮುಟ್ಟದ ಮೂಲ ಕಪ್ಪು ಹಾಗೆಯೇ ಉಳಿದಿರುವುದೂ, ಒಂದು ಮೂಲೆಯಲ್ಲಿ ಎರಡು ಬಾಣದ ಮೊನೆಗಳ ನಡುವೆ ‘ಪಿಪಿ’ ಎಂದೋ ‘ಎಬಿಎಸ್’ ಎಂದೋ ಅಚ್ಚೊತ್ತಿರುವುದೂ ಅನೇಕ ವೇಳೆ ಕಾಣಬರುತ್ತದೆ. ಆ ಎರಡು ಮೂರು ಅಕ್ಷರಗಳನ್ನು ಓದದೆ ಕೈಹಚ್ಚುವುದು ರೋಗಿಯ ನಾಡಿ ಹಿಡಿಯದೆ ಔಷಧಿ ಕೊಟ್ಟಂತೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಎಲ್ಲವನ್ನೂ ಒರೆಸುವ ಅಭ್ಯಾಸ ವರ್ಕ್‌ಶಾಪುಗಳಲ್ಲಿ ಬೇರೂರಿದೆಯಷ್ಟೆ. ಪೆಟ್ರೋಲೂ ಥಿನ್ನರೂ ಎಬಿಎಸ್ಸಿನ ಮೈಯನ್ನು ಮೆದುಗೊಳಿಸಿ, ಸ್ಕ್ರೂ ಬಿಗಿದ ತೂತುಗಳ ಸುತ್ತ ಸೀಳು ಬಿಡಿಸಬಲ್ಲವು.

ಒರಟು ಮೈಯ ಕಪ್ಪು ಪಾಲಿಪ್ರೊಪಿಲೀನಿಗೆ ಸೌಮ್ಯವಾದ ಸೋಪುನೀರು, ಮೆದು ಬ್ರಷ್ಷು, ಹಳೆಯ ಪಾಲಿಶಿನ ಜಿಡ್ಡನ್ನು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್, ಪೂರ್ಣವಾಗಿ ಒಣಗಿದ ಮೇಲೆ ಮೈಗೆ ಕಚ್ಚಿ ಗಟ್ಟಿಯಾಗುವ ಟ್ರಿಮ್ ರಿಸ್ಟೋರರ್ ಲೇಪ, ಇಷ್ಟು ಸಾಕು. ವಾಟರ್ ಪೇಪರಿನಿಂದ ಉಜ್ಜಿದರೆ ಅದರ ಹುಟ್ಟುಗೀರುಗಳೇ ಅಳಿಸಿಹೋಗುತ್ತವೆ. ಬಣ್ಣ ಹೊಡೆದ ಎಬಿಎಸ್ ಪ್ಯಾನೆಲ್ಲಿನಲ್ಲಿ ಮಾಸಿರುವುದು ಸಾಮಾನ್ಯವಾಗಿ ಬಣ್ಣದ ಮೇಲ್ಪದರವಾದ್ದರಿಂದ ಅಲ್ಲಿ ರಬ್ಬಿಂಗ್ ಕಾಂಪೌಂಡಿನ ಹಿತಮಿತವಾದ ಉಜ್ಜುವಿಕೆ ಫಲ ಕೊಡುತ್ತದೆ. ಹಳದಿಗಟ್ಟಿದ ಪಾಲಿಕಾರ್ಬನೇಟ್ ಹೆಡ್‌ಲೈಟಿಗಾದರೆ 800, 1500, 2000 ಎಂಬ ಕ್ರಮದಲ್ಲಿ ನೀರು ಹಾಕುತ್ತ ವಾಟರ್ ಪೇಪರಿನಿಂದ ತೀಡಿ, ಪಾಲಿಶ್ ಮಾಡಿ, ಕೊನೆಗೆ ನೇರಳಾತೀತ ಕಿರಣಗಳನ್ನು ತಡೆಯುವ ಕ್ಲಿಯರ್ ಕೋಟ್ ಹೊಡೆಯಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟವರ ಶ್ರಮವೆಲ್ಲ ಬಹುಬೇಗ ಮತ್ತೆ ಹಳದಿಗೆ ತಿರುಗುತ್ತದೆ.

ಹೀಟ್ ಗನ್ನಿನ ಪ್ರಯೋಗವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ಬಿಸಿಗಾಳಿ ತಾಗಿದೊಡನೆ ಬೂದಿಬಣ್ಣ ಸರಿದು ಅಚ್ಚಕಪ್ಪು ಮೂಡುವ ದೃಶ್ಯವು ನೋಡಿದವರನ್ನು ಮೋಹಗೊಳಿಸತಕ್ಕದ್ದೇ ಸರಿ. ಆದರೆ ಅಲ್ಲಿ ನಡೆಯುವುದು, ಬಿರುಕುಬಿಟ್ಟ ಮೇಲ್ಪದರ ಕರಗಿ ಹರಿದು ಬಿರುಕುಗಳು ತಾತ್ಕಾಲಿಕವಾಗಿ ಮುಚ್ಚಿಕೊಳ್ಳುವುದಷ್ಟೆ. ತುಂಡಾದ ಸರಪಣಿಗಳು ಕೂಡುವುದಿಲ್ಲ, ವ್ಯಯವಾದ ರಕ್ಷಕದ್ರವ್ಯ ಮರಳಿ ಬರುವುದಿಲ್ಲ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಎಬಿಎಸ್ ಮೆದುವಾಗುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಗನ್ನು ಉಗುಳುವ ಗಾಳಿಯಾದರೋ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಿಸಿ. ಒಂದು ಕ್ಷಣ ಕೈ ತಡೆದರೂ ಪ್ಯಾನೆಲ್ಲು ಸೊಟ್ಟಗಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಸಮೀಪದಲ್ಲಿ ಇದನ್ನು ಹಿಡಿಯುವುದು ಪ್ರಾಣಾಪಾಯಕರ.

ಎಲ್ಲವನ್ನೂ ಉಳಿಸಬಹುದೆಂದು ನಾನು ವಾದಿಸುವುದಿಲ್ಲ. ಬೆರಳಿನಿಂದ ಒತ್ತಿದರೆ ಚಟ್ಟೆಂದು ಸೀಳುವಷ್ಟು ಪೆಡಸಾದ ಮಡ್‌ಗಾರ್ಡು ಚಕ್ರಕ್ಕೆ ಸಿಕ್ಕಿ ಸವಾರನನ್ನು ಬೀಳಿಸೀತು. ಅದನ್ನು ಬದಲಾಯಿಸುವುದೇ ವಿವೇಕ. ಆದರೆ ಬಣ್ಣ ಮಾತ್ರ ಹೋಗಿ ಬಲ ಉಳಿದಿರುವ ಭಾಗವನ್ನು ಎಸೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಖಾಸಗಿ ಬೈಕಿನ ನೋಂದಣಿಗೆ ಮೊದಲ ಅವಧಿಯಾಗಿ 15 ವರ್ಷಗಳನ್ನು ಕೊಡುವ ಕಾನೂನು, ಆಮೇಲೆ ತಪಾಸಣೆ ಮಾಡಿ ಐದೈದು ವರ್ಷ ಮುಂದುವರಿಸಲೂ ಒಪ್ಪುತ್ತದೆ; ಅಷ್ಟು ದೀರ್ಘಾಯುಷ್ಯವುಳ್ಳ ಯಂತ್ರದ ಹೊದಿಕೆಯನ್ನು ಕಾಪಾಡಿಕೊಳ್ಳುವ ವಿದ್ಯೆಯೂ ಜನರಿಗೆ ದೊರೆಯಬೇಡವೆ? ದುರಸ್ತಿಯ ಹಕ್ಕಿನ ಚೌಕಟ್ಟನ್ನು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿದಾಗ ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಆ ಹಕ್ಕು ಎಂಜಿನ್ನಿನ ಬಿಡಿಭಾಗಗಳಲ್ಲಿಯೇ ಮುಗಿಯಕೂಡದು. ಯಾವ ಭಾಗ ಯಾವ ಪ್ಲಾಸ್ಟಿಕ್ಕಿನದು, ಯಾವುದರಿಂದ ತೊಳೆಯಬೇಕು, ಯಾವುದನ್ನು ಮುಟ್ಟಿಸಕೂಡದು ಎಂಬ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚುಮಾಡಿ ವಾಹನದೊಡನೆ ಕೊಡುವುದು ತಯಾರಕರಿಗೆ ಭಾರವಾಗಲಾರದು. ಕಚೇರಿ, ಬಸ್ ನಿಲ್ದಾಣ, ಕಾಲೇಜುಗಳ ಪಾರ್ಕಿಂಗ್ ಜಾಗದಲ್ಲಿ ಮರಗಳನ್ನು ಬೆಳೆಸಿದರೆ ಈ ಚಿಕಿತ್ಸೆಯ ಅಗತ್ಯವೇ ಎಷ್ಟೋ ಕಡಿಮೆಯಾದೀತು.

ವ್ಯಾಪಾರಿಗಳಲ್ಲಿಯೂ ಒಂದು ವಿಜ್ಞಾಪನೆ. ಉದ್ಧಾರಗೊಂಡ ಭಾಗವು ಹೊಸ ಭಾಗವಲ್ಲ. ಏನನ್ನು ತೊಳೆಯಲಾಯಿತು, ಯಾವ ಲೇಪವನ್ನು ಹಚ್ಚಲಾಯಿತು, ಅದನ್ನು ಮತ್ತೆ ಯಾವಾಗ ಹಚ್ಚಬೇಕು ಎಂಬುದನ್ನು ರಸೀದಿಯ ಬೆನ್ನಿನಲ್ಲಿ ಬರೆದುಕೊಡಿ. ಹಾಗೆ ಬರೆದುಕೊಡಬಲ್ಲ ವ್ಯಾಪಾರಿಯ ಬಳಿ ನಾಲ್ಕು ಕಾಸು ಹೆಚ್ಚು ತೆತ್ತಾದರೂ ಕೊಳ್ಳುವುದು ಗ್ರಾಹಕನಿಗೆ ಲಾಭವೇ. ಅಂಥವರ ಕೆಲಸಕ್ಕೆ ಬೆಲೆ ಕಟ್ಟಲು ನಾವು ಕಲಿತಾಗ, ಡೀಸೆಲ್ ಸವರಿದ ಮಿಂಚಿಗೆ ಮಾರುಕಟ್ಟೆಯಲ್ಲಿ ತಾನಾಗಿಯೇ ಬೆಲೆ ಇಲ್ಲದಂತಾಗುತ್ತದೆ.