ದ್ರಾಕ್ಷಾರಸಕ್ಕೆ ಅಂಕಪಟ್ಟಿಯೇ?

ಮೂವತ್ತನಾಲ್ಕು ವರ್ಷ ಕೆಂಪು ಶಾಯಿಯಲ್ಲಿ ಅಂಕ ಹಾಕಿದ ಕೈ ನನ್ನದು. ಅಂಕಗಳು ಎಷ್ಟನ್ನು ಹೇಳುತ್ತವೆ, ಎಷ್ಟನ್ನು ಮುಚ್ಚಿಡುತ್ತವೆ ಎಂಬುದನ್ನು ಬಲ್ಲೆ. ಆದ್ದರಿಂದಲೇ ವೈನಿಗೂ ನೂರಕ್ಕೆ ಇಷ್ಟೆಂದು ಬೆಲೆ ಕಟ್ಟುವ ಪದ್ಧತಿಯನ್ನು ನಾನು ಒಪ್ಪಲಾರೆ. (ಮೇಷ್ಟ್ರಿಗೇಕೆ ಈ ಗೊಡವೆ ಎನ್ನುವ ಹಳೆಯ ಶಿಷ್ಯರು ಮನ್ನಿಸಬೇಕು.)

ಇಟಲಿಯ ತೊರಿನೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ನನ್ನನ್ನು ಬರೋಲೊ ಗ್ರಾಮದ ಸಣ್ಣ ತೋಟವೊಂದಕ್ಕೆ ಕರೆದೊಯ್ದರು. ಅಲ್ಲಿಯದು ನೆಬ್ಬಿಯೋಲೊ ಎಂಬ ದ್ರಾಕ್ಷಿ. ಶರತ್ಕಾಲದ ಮಂಜಿನಲ್ಲಿ ತಡವಾಗಿ ಮಾಗುವಂಥದು. ಅದರ ವೈನು ನೋಟಕ್ಕೆ ತೆಳು, ಮಾಸಿದ ಇಟ್ಟಿಗೆಯ ಕೆಂಪು. ಮೊದಲ ಗುಟುಕಿಗೆ ಎಳೆಯ ಅಡಿಕೆ ಅಗಿದಂತೆ ನಾಲಗೆಯನ್ನೇ ಹಿಡಿದುಬಿಡುವ ಒಗರು! ನಾನು ಮುಖ ಕಿವಿಚಿದೆ. ತೋಟದ ಒಡತಿ ನಕ್ಕು, ಸ್ವಲ್ಪ ಕಾಯಿರಿ ಎಂದರು. ಅರ್ಧ ಗಂಟೆಯ ಬಳಿಕ ಅದೇ ಲೋಟದಲ್ಲಿ ಒಣಗಿದ ಗುಲಾಬಿಯ ಕಂಪು, ಹೊಸ ರಸ್ತೆಯ ಡಾಂಬರಿನ ವಾಸನೆ. ಒಗರು ಉಳಿದಿತ್ತು, ಆದರೆ ನೆಲ್ಲಿಕಾಯಿ ತಿಂದು ನೀರು ಕುಡಿದಾಗಿನಂತೆ ಅದರ ಹಿಂದೆಯೇ ಒಂದು ಸಿಹಿ.

ಅಷ್ಟರಲ್ಲಿ ಅಳಿಯಂದಿರು ಮೊಬೈಲಿನಲ್ಲಿ ಹುಡುಕಿ, 'ಇದಕ್ಕೆ 88 ಅಷ್ಟೇ ಬಂದಿದೆ, ಮಾವ' ಎಂದರು. ತೊಂಬತ್ತು ದಾಟದಿದ್ದರೆ ವಿದೇಶದ ವ್ಯಾಪಾರಿಗಳು ತಿರುಗಿಯೂ ನೋಡುವುದಿಲ್ಲವೆಂದು ಒಡತಿ ಹೇಳಿದರು.

ಈ ನೂರರ ಲೆಕ್ಕವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ರಾಬರ್ಟ್ ಪಾರ್ಕರ್, 1978ರಿಂದೀಚೆಗೆ. ಅದರಲ್ಲಿ ಎಂಥ ವೈನಿಗೂ ಮೊದಲೇ 50 ಅಂಕ! ಬರಿಯ ಹಾಜರಿಗೆ ಐವತ್ತು ಕೊಟ್ಟ ಮೇಷ್ಟ್ರನ್ನು ನಮ್ಮ ಇಲಾಖೆ ಸುಮ್ಮನೆ ಬಿಡುತ್ತಿತ್ತೇ? ಕಾನೂನಿನಂತೆ ಬರೋಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಷ್ಟು ಕಾದದ್ದನ್ನು ಪರೀಕ್ಷಕನು ಸಾಲಿನಲ್ಲಿಟ್ಟ ಹತ್ತಾರು ಲೋಟಗಳ ನಡುವೆ ಒಂದು ಗುಟುಕಿನಲ್ಲಿ ತೀರ್ಮಾನಿಸುತ್ತಾನೆ. ಆ ಅವಸರದಲ್ಲಿ ಗೆಲ್ಲುವುದು ದಟ್ಟ ಬಣ್ಣ, ಎದ್ದು ಕಾಣುವ ಸಿಹಿ.

1980ರ ದಶಕದಿಂದ ಅಲ್ಲಿನ ಹಲವರು 225 ಲೀಟರಿನ ಹೊಸ ಓಕ್ ಪೀಪಾಯಿಗಳಿಗೆ ಬದಲಾದರು. ಎಲಿಯೊ ಆಲ್ತಾರೆ 1983ರಲ್ಲಿ ತಂದೆಯ ದೊಡ್ಡ ಪೀಪಾಯಿಗಳನ್ನು ಗರಗಸದಿಂದ ಕತ್ತರಿಸಿಹಾಕಿದರು. ಅವರ ಪೀಳಿಗೆ ನೆಲಮಾಳಿಗೆಗಳಿಗೆ ಶುಚಿತ್ವ ತಂದದ್ದು ನಿಜ, ಅಲ್ಲಗಳೆಯಲಾರೆ. ಆದರೆ ಒಗರನ್ನು ವೆನಿಲಾದಿಂದ ಮುಚ್ಚುವುದು ಶುಚಿತ್ವವಲ್ಲ. 2005ರಲ್ಲಿ ತೀರಿಕೊಂಡ ಬಾರ್ತೊಲೊ ಮಸ್ಕರೆಲ್ಲೊ ಹಳೆಯ ದೊಡ್ಡ ಪೀಪಾಯಿಗಳನ್ನು ಬಿಡಲಿಲ್ಲ. ಸಣ್ಣ ಪೀಪಾಯಿಯೂ ಬೇಡ, ಬೆರ್ಲುಸ್ಕೋನಿಯೂ ಬೇಡ ಎಂದು ಸೀಸೆಯ ಚೀಟಿಯ ಮೇಲೆಯೇ ಸಾರಿದರು.

ನಮ್ಮ ಮಕ್ಕಳಿಗೆ ಮರುಮೌಲ್ಯಮಾಪನದ ಅರ್ಜಿಯಾದರೂ ಇದೆ. ಆ ಒಡತಿಗೆ ಅದೂ ಇಲ್ಲ. 88ರ ಎರಡು ಸೀಸೆ ಕೊಂಡು ತಂದಿದ್ದೇನೆ. ಒಂದನ್ನು ಹತ್ತು ವರ್ಷ ಮುಟ್ಟುವುದಿಲ್ಲ, ನಾನಿಲ್ಲದಿದ್ದರೆ ಮಗಳು ತೆರೆಯಲಿ.