ಹೌಸ್‌ವೈಫ್ ಎಂಬ ಪದ ಮಾಡಿದ ತಪ್ಪೇನು?

ಹಳೆಯ ವಿದ್ಯಾರ್ಥಿನಿಯರು ಎಲ್ಲಾದರೂ ಎದುರಾದರೆ "ಈಗ ಏನು ಮಾಡುತ್ತಿದ್ದೀಯಮ್ಮಾ?" ಎಂದು ಕೇಳುವುದು ನನ್ನ ರೂಢಿ. "ಏನಿಲ್ಲ ಸಾರ್, ಬರೀ ಹೌಸ್‌ವೈಫ್" ಎಂಬ ಉತ್ತರವನ್ನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಈಚೆಗೆ ಕೆಲವರು "ಹಾಗೆನ್ನಬಾರದು ಸಾರ್, ಹೋಂಮೇಕರ್ ಎನ್ನಬೇಕು" ಎಂದು ತಿದ್ದುತ್ತಾರೆ. ೨೦೨೩ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೊರತಂದ ಕೈಪಿಡಿಯೂ ನ್ಯಾಯಾಧೀಶರಿಗೆ ಇದೇ ಸಲಹೆಯನ್ನು ಕೊಟ್ಟಿದೆ. ಈ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಪದವನ್ನು ಬದಲಿಸಿದೊಡನೆ ಅವಮಾನ ತೊಲಗುತ್ತದೆಂಬ ನಂಬಿಕೆಯನ್ನು ಮಾತ್ರ ಒಪ್ಪಲಾರೆ. ಜೀವಮಾನವೆಲ್ಲ ಇಂಗ್ಲಿಷ್ ಪಾಠ ಹೇಳಿದವನಾದುದರಿಂದ ಆ ಬಡಪದದ ಪರವಾಗಿ ವಕಾಲತ್ತು ವಹಿಸುತ್ತಿದ್ದೇನೆ.

ಹಳೆಯ ಇಂಗ್ಲಿಷಿನಲ್ಲಿ ವೈಫ್ ಎಂದರೆ ಹೆಂಡತಿಯೆಂದಷ್ಟೇ ಅಲ್ಲ, ಯಾವುದೇ ಹೆಂಗಸು ಎಂದರ್ಥ. ಸೂಲಗಿತ್ತಿಯನ್ನು ಮಿಡ್‌ವೈಫ್ ಎಂದೂ ಮೀನು ಮಾರುವವಳನ್ನು ಫಿಶ್‌ವೈಫ್ ಎಂದೂ ಕರೆದದ್ದು ಈ ಅರ್ಥದಲ್ಲಿಯೇ. ನಮ್ಮ 'ಹೆಂಡತಿ'ಯೂ 'ಹೆಣ್ಣಿ'ನಿಂದಲೇ ಹುಟ್ಟಿದವಳಲ್ಲವೇ? ಹೀಗೆ ಹೌಸ್‌ವೈಫ್ ಎಂದರೆ ಮನೆವಾರ್ತೆಯನ್ನು ನಡೆಸುವ ಮನೆಯೊಡತಿ. ಸ್ಕ್ಯಾಂಡಿನೇವಿಯದ ಭಾಷೆಯಿಂದ ಬಂದ ಹಸ್ಬೆಂಡ್ ಎಂಬ ಪದಕ್ಕೂ ಮೊದಲಿಗೆ ಮನೆಯೊಡೆಯನೆಂದೇ ಅರ್ಥವಿತ್ತು. ಗಂಡನೆಂಬ ಅರ್ಥ ಆಮೇಲಿನದು.

ಆ ಒಡತಿಯ ಯೋಗ್ಯತೆ ಎಂಥದೆಂದು ತಿಳಿಯಬೇಕಾದರೆ ಜರ್ವೇಸ್ ಮಾರ್ಕಮ್ ಎಂಬಾತ ೧೬೧೫ರಲ್ಲಿ ಪ್ರಕಟಿಸಿದ 'ದಿ ಇಂಗ್ಲಿಷ್ ಹಸ್‌ವೈಫ್' ಎಂಬ ಪುಸ್ತಕವನ್ನು ನೋಡಬೇಕು. ಅವಳಿಗೆ ಔಷಧೋಪಚಾರ, ಅಡುಗೆ, ಭಟ್ಟಿ ಇಳಿಸುವುದು, ಉಣ್ಣೆ ಮತ್ತು ನಾರುಗಳಿಂದ ಬಟ್ಟೆ ಸಿದ್ಧಪಡಿಸುವುದು, ಬಣ್ಣ ಕಟ್ಟುವುದು, ಹೈನು, ಬಿಯರ್ ತಯಾರಿಕೆ ಎಲ್ಲವೂ ತಿಳಿದಿರಬೇಕೆಂದು ಅವನು ಬಯಸುತ್ತಾನೆ. ಇಂದು ಇವುಗಳಲ್ಲಿ ಒಂದೊಂದೂ ಒಂದೊಂದು ಉದ್ಯಮ!

ಮುಂದೇನಾಯಿತು? ಒಂದೇ ಮನೆಯ ಈ ಎರಡು ಪದಗಳ ಹಣೆಬರಹ ಬೇರೆಯಾಯಿತು. ಗಂಡಿನ ಪದದಿಂದ ಹುಟ್ಟಿದ ಹಸ್ಬೆಂಡ್ರಿಗೆ ಬೇಸಾಯ, ಮಿತವ್ಯಯ ಎಂಬ ಗೌರವದ ಅರ್ಥಗಳು ದೊರೆತವು. ಹೌಸ್‌ವೈಫ್ ಬಾಯಲ್ಲಿ ಸವೆದು 'ಹಸ್ಸಿ'ಯಾಯಿತು. ೧೬ನೆಯ ಶತಮಾನದಲ್ಲಿ ಮನೆಯೊಡತಿಯೆಂದೇ ಅರ್ಥವಿದ್ದ ಆ ಪದ ಕ್ರಮೇಣ ನಡತೆಗೆಟ್ಟವಳೆಂಬ ಬೈಗುಳಕ್ಕೆ ಇಳಿಯಿತು. ಸೂಜಿ, ದಾರ, ಗುಂಡಿಗಳನ್ನಿಡುವ ಪುಟ್ಟ ಚೀಲಕ್ಕೂ 'ಹಸಿಫ್' ಎಂದು ಅವಳದೇ ಹೆಸರು. ಎರಡನೆಯ ಮಹಾಯುದ್ಧದಲ್ಲೂ ಬ್ರಿಟಿಷ್ ಸೈನಿಕರ ಗಂಟಿನಲ್ಲಿ ಅದು ಇತ್ತು.

ಪದದ ಘನತೆ ಕುಂದಿದ್ದು ಅದರ ದೋಷದಿಂದಲ್ಲ. ನೇಯ್ಗೆ, ಔಷಧಗಳೆಲ್ಲ ಮನೆಯಿಂದ ಹೊರಗೆ ಹೋಗಿ ಸಂಬಳ ತರುವ ಉದ್ಯೋಗಗಳಾದವು. ಸಂಬಳವಿಲ್ಲದೆ ಮನೆಯಲ್ಲೇ ಉಳಿದದ್ದು ಕೆಲಸವೆನಿಸದೆ ಹೋಯಿತು. ೧೮೫೧ರ ಇಂಗ್ಲೆಂಡಿನ ಜನಗಣತಿ ಹೆಂಡತಿಯ ಗೃಹಕೃತ್ಯವನ್ನೂ ಒಂದು ಉದ್ಯೋಗವೆಂದು ಎಣಿಸಿತ್ತು. ೧೮೮೧ರ ಗಣತಿ ಅವಳನ್ನು ನಿರುದ್ಯೋಗಿಗಳ ಸಾಲಿಗೆ ತಳ್ಳಿತು.

ನಾವೇನೂ ಕಡಿಮೆಯಿಲ್ಲ. ೨೦೦೧ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳೊಂದಿಗೆ ದುಡಿಯದವರ ವರ್ಗದಲ್ಲಿ ಸೇರಿಸಿದ್ದನ್ನು ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಕ್ಷೇಪಿಸಿತು. ೧೯೯೪ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಅನುಬಂಧವು ಅಪಘಾತದಲ್ಲಿ ತೀರಿಕೊಂಡ, ಸಂಪಾದನೆಯಿಲ್ಲದ ಹೆಂಡತಿಯ ವರಮಾನವನ್ನು ಗಂಡನ ವರಮಾನದ ಮೂರನೆಯ ಒಂದು ಭಾಗವೆಂದು ಲೆಕ್ಕ ಹಾಕಲು ಹೇಳಿತ್ತು. ಅಂದರೆ ಸಾಹೇಬರ ಮನೆಯ ಅಡುಗೆಗೆ ಒಂದು ಬೆಲೆ, ಕೂಲಿಯವನ ಮನೆಯ ಅಡುಗೆಗೆ ಇನ್ನೊಂದು! ಅವಳ ಬೆವರಿಗೆ ಸ್ವಂತದ ಬೆಲೆಯೇ ಇಲ್ಲ. ಆಗ ಅವಳನ್ನು ಹೋಂಮೇಕರ್ ಎಂದು ಕರೆದಿದ್ದರೆ ಪರಿಹಾರದಲ್ಲಿ ಒಂದು ರೂಪಾಯಿಯಾದರೂ ಹೆಚ್ಚುತ್ತಿತ್ತೇ?

ಹೋಂಮೇಕರ್ ಎಂಬ ಪದ ಗಂಡಸರಿಗೂ ಸಲ್ಲುತ್ತದೆಂದು ವಾದಿಸುವವರಿದ್ದಾರೆ. ಸಲ್ಲಲಿ, ಸಂತೋಷವೇ. ಆದರೆ ೨೦೧೧ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು ಹೇಳಿದ ಹೆಂಗಸರು ಸುಮಾರು ೧೬ ಕೋಟಿ. ಗಂಡಸರು ಸುಮಾರು ೫೮ ಲಕ್ಷ. ೨೦೧೯ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷ ದುಡಿದರೆ, ಗಂಡಸರು ೯೭ ನಿಮಿಷ. ಈ ಲೆಕ್ಕ ಹೀಗೆಯೇ ಉಳಿದರೆ ಹೊಸ ಪದಕ್ಕೂ ಹಳೆಯ ಪದದ ಗತಿಯೇ. ಇನ್ನು ಐವತ್ತು ವರ್ಷಕ್ಕೆ ನಮ್ಮ ಮರಿಮಕ್ಕಳು ಮತ್ತೊಂದು ಪದವನ್ನು ಹುಡುಕುತ್ತಿರುತ್ತಾರೆ.

ಆದುದರಿಂದ ಸಂಸಾರಸ್ಥರಾಗಿರುವ ನನ್ನ ಶಿಷ್ಯರಿಗೆ ಒಂದು ಮನೆಪಾಠ. ಒಂದು ವಾರದ ಕಾಲ ನಿಮ್ಮ ಮನೆಯಲ್ಲಿ ಯಾರು ಯಾವ ಕೆಲಸವನ್ನು ಎಷ್ಟು ಹೊತ್ತು ಮಾಡಿದರೆಂದು ನೋಟುಬುಕ್ಕಿನಲ್ಲಿ ಬರೆದಿಡಿ. ಮನೆಯ ಪತ್ರದಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅವಳ ಹೆಸರಿದೆಯೇ ನೋಡಿ. ಲೆಕ್ಕ ಸರಿಹೋಗದಿದ್ದರೆ ಅದನ್ನು ಸರಿಪಡಿಸಿ. ಆಮೇಲೆ ಅವಳನ್ನು ಹೌಸ್‌ವೈಫ್ ಎನ್ನಿ, ಹೋಂಮೇಕರ್ ಎನ್ನಿ, ಯಜಮಾನ್ತಿ ಎನ್ನಿ, ನನ್ನದೇನೂ ಆಕ್ಷೇಪಣೆಯಿಲ್ಲ.