ಜ್ವರದ ದಿನಗಣನೆ

ಬೆಂಗಳೂರಿನಲ್ಲಿ ಮುಂಗಾರು ಹಿಡಿಯಿತೆಂದರೆ ಡೆಂಗೀ ಜ್ವರದ ವಾರ್ತೆಯು ಬೀದಿಬೀದಿಯಲ್ಲಿಯೂ ಕೇಳಿಬರುವುದು ವಾಡಿಕೆಯಾಗಿದೆ. 2024ನೆಯ ಇಸವಿಯಲ್ಲಂತೂ ಇದರ ಉಪದ್ರವವು ಅತಿಶಯವಾಗಲು, ಸರಕಾರದವರು ಇದನ್ನು ಸಾಂಕ್ರಾಮಿಕ ವ್ಯಾಧಿಯೆಂದು ಸಾರಿದರು. ರಕ್ತಪರೀಕ್ಷೆಗೆ ದರವನ್ನೂ ಕಟ್ಟಿದರು. ಇದನ್ನು ಹರಡುವ ಸೊಳ್ಳೆಯು ಹಗಲಿನಲ್ಲಿ ಕಚ್ಚತಕ್ಕದ್ದು. ನಮ್ಮ ಸಂಪು, ಡ್ರಮ್ಮು, ಹೂಕುಂಡದ ತಟ್ಟೆಗಳಲ್ಲಿ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡತಕ್ಕದ್ದು. ಇಷ್ಟನ್ನು ವಾಚಕ ಮಹಾಶಯರೆಲ್ಲರೂ ಬಲ್ಲರು. ನಾವು ಈಗ ಹೇಳಹೊರಟಿರುವುದು ರಕ್ತಪರೀಕ್ಷೆಯ ವಿಷಯವನ್ನು.

ಜ್ವರ ಬಂದೊಡನೆ ಪ್ರಯೋಗಶಾಲೆಗೆ ಓಡಿ, ಚೀಟಿಯಲ್ಲಿ ‘ನೆಗೆಟಿವ್’ ಎಂದಿರುವುದನ್ನು ಕಂಡು ನಿಶ್ಚಿಂತರಾಗುವ ಗೃಹಸ್ಥರು ಅನೇಕರುಂಟು. ಆದರೆ ಪರೀಕ್ಷೆಯು ಒಂದೇ ಬಗೆಯದಲ್ಲ. ಜ್ವರದ ಮೊದಲ 5 ದಿನಗಳಲ್ಲಿ ಹುಡುಕಬೇಕಾದುದು ರೋಗದ ವೈರಸ್ಸಿಗೆ ಸೇರಿದ ‘ಎನ್‌ಎಸ್ 1’ ಎಂಬ ವಸ್ತುವನ್ನು. ಅಲ್ಲಿಂದಾಚೆಗೆ ಅದು ಕ್ಷೀಣಿಸುತ್ತ ಬರಲು, ದೇಹವು ರೋಗವನ್ನೆದುರಿಸಲು ಸೃಜಿಸಿಕೊಂಡ ‘ಐಜಿಎಂ’ ಎಂಬ ಪ್ರತಿಕಾಯವು ತೋರಿಬರುವುದು. ಎರಡನೆಯ ದಿನವೇ ಐಜಿಎಂ ಕಾಣಲಿಲ್ಲವೆಂದು ಹರ್ಷಿಸುವುದು, ಬಿತ್ತಿದ ಮರುದಿನ ತೆನೆಯನ್ನು ಹುಡುಕಿದಂತೆಯೇ ಸರಿ. ಒಮ್ಮೆ ಹುಟ್ಟಿದ ಐಜಿಎಂ ತಿಂಗಳುಗಟ್ಟಲೆ ಉಳಿಯುವುದೂ ಉಂಟಾದುದರಿಂದ, ಅದು ಕಂಡಮಾತ್ರಕ್ಕೆ ಇಂದಿನ ಜ್ವರವು ಡೆಂಗೀಯೇ ಎನ್ನಲಾಗದು. ಕಾರ್ಡಿನ ಪರೀಕ್ಷೆಯು ನಿಮಿಷಗಳಲ್ಲಿ ಮುಗಿಯುವುದು. ಹೆಚ್ಚು ನೆಚ್ಚತಕ್ಕುದು ಎಲಿಸಾ ಪರೀಕ್ಷೆ. 2024ರಲ್ಲಿ ಕಟ್ಟಿದ ದರಗಳಲ್ಲಿ ಮೊದಲನೆಯದಕ್ಕೆ 250, ಎಲಿಸಾ ಒಂದೊಂದಕ್ಕೆ 300 ರೂಪಾಯಿ, ಅಂತರವು ಅಲ್ಪವೇ.

ಆದುದರಿಂದ ಜ್ವರವು ಆರಂಭವಾದ ದಿನವನ್ನೂ ವೇಳೆಯನ್ನೂ ಕ್ಯಾಲೆಂಡರಿನಲ್ಲಿ ಗುರುತಿಟ್ಟು ವೈದ್ಯರಿಗೆ ತಿಳಿಸಬೇಕು. ಹಾಜರಿ ಪುಸ್ತಕದ ಮೇಲಿನ ಹಳೆಯ ಅಭಿಮಾನದಿಂದ ಇದನ್ನು ಬರೆದೆವೆಂದು ವಾಚಕರು ನಕ್ಕರೂ ಚಿಂತೆಯಿಲ್ಲ. ‘ಮೊನ್ನೆಯೋ ಆಚೆಮೊನ್ನೆಯೋ’ ಎಂಬ ಉತ್ತರದಿಂದ ಯಾವ ಪರೀಕ್ಷೆ ತಕ್ಕುದೆಂಬುದು ನಿಶ್ಚಯವಾಗದು.

ಪ್ಲೇಟ್ಲೆಟ್ಟಿನ ಎಣಿಕೆಯನ್ನು ಜನರು ಜಾತಕದಂತೆ ಓದುತ್ತಾರೆ. ಆ ಎಣಿಕೆಯು ಬೇರೆ ಜ್ವರಗಳಲ್ಲಿಯೂ ಇಳಿಯುವುದು, ಅದೊಂದರಿಂದಲೇ ರೋಗನಿರ್ಣಯವಾಗದು. ಇದಕ್ಕಿಂತ ಭಯಕಾರಿಯಾದುದು ಮತ್ತೊಂದುಂಟು. ಸಾಮಾನ್ಯವಾಗಿ 3ರಿಂದ 7ನೆಯ ದಿನದೊಳಗೆ ಜ್ವರವು ಇಳಿಯುವುದು. ಮನೆಯವರು ದೇವರಿಗೆ ಕೈಮುಗಿದು ನಿಟ್ಟುಸಿರುಬಿಡುವ ಹೊತ್ತೂ ಅದೇ, ಕೆಲವರಲ್ಲಿ ರಕ್ತದ ದ್ರವಾಂಶವು ನಾಳಗಳಿಂದ ಒಸರತೊಡಗುವ ಹೊತ್ತೂ ಅದೇ. ಆಗ ತೀವ್ರವಾದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು, ತಣ್ಣಗಾದ ಕೈಕಾಲು, ಇವುಗಳಲ್ಲಿ ಯಾವುದೊಂದು ತೋರಿದರೂ, ಚೀಟಿಯಲ್ಲಿ ಏನೇ ಬರೆದಿರಲಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಮೊದಲೊಮ್ಮೆ ಡೆಂಗೀ ಬಂದು ಹೋದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈ ವೈರಸ್ಸಿನಲ್ಲಿ 4 ಪ್ರಭೇದಗಳಿದ್ದು, ಒಂದರಿಂದ ಪಾರಾದವರಿಗೆ ಉಳಿದವುಗಳಿಂದ ಶಾಶ್ವತ ರಕ್ಷಣೆಯಿಲ್ಲ. ಎರಡನೆಯ ಸಲ ರೋಗವು ಉಗ್ರವಾಗುವ ಸಂಭವವೂ ಹೆಚ್ಚು. ಅಂಥವರಲ್ಲಿ ಎನ್‌ಎಸ್ 1 ಬೇಗನೆ ಮರೆಯಾಗುವುದೂ ಉಂಟು.

ನೋವಿಗೆಂದು ಆಸ್ಪಿರಿನ್ನನ್ನಾಗಲಿ ಐಬುಪ್ರೊಫೆನ್ನನ್ನಾಗಲಿ ಕೊಡಕೂಡದು. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಪ್ಯಾರಾಸಿಟಮಾಲ್ ಸಾಕು, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ಗಂಜಿ, ಎಳನೀರು, ಮಜ್ಜಿಗೆಗಳನ್ನು ಆಗಾಗ್ಗೆ ಗುಟುಕುಗುಟುಕಾಗಿ ಕುಡಿಸುತ್ತ, ರೋಗಿಯು ಮೂತ್ರಕ್ಕೆ ಎಷ್ಟು ಸಲ ಎದ್ದನೆಂಬುದನ್ನೂ ಆ ಕ್ಯಾಲೆಂಡರಿನ ಪಕ್ಕದಲ್ಲಿಯೇ ಬರೆದಿಡಬೇಕು.